ಲೆಕ್ಕಕ್ಕೆ ಮಿಕ್ಕ ವರ್ಣತಂತುಗಳು

ಜೀವಿಗಳ ಪ್ರತಿಯೊಂದು ಜಾತಿಗೂ ತನ್ನದೇ ಆದ ಒಂದು ಗೊತ್ತಾದ ಸಂಖ್ಯೆಯುಂಟು. ಅದು ಆ ಜಾತಿಯ ಜೀವಕೋಶಗಳಲ್ಲಿರುವ ವರ್ಣತಂತುಗಳ ಸಂಖ್ಯೆ. ಮನುಷ್ಯನಲ್ಲಿ ಅದು 46, ಗೋವಿನಜೋಳದಲ್ಲಿ 20, ಬಟಾಣಿಯಲ್ಲಿ 14, ಮಾಗಿದ ಬಾಳೆಹಣ್ಣಿನ ಮೇಲೆ ಸುಳಿದಾಡುವ ಹಣ್ಣಿನ ನೊಣದಲ್ಲಿ ಕೇವಲ 8. ತಂದೆತಾಯಿಗಳಲ್ಲಿ ಎಷ್ಟಿರುವುದೋ ಮಕ್ಕಳಲ್ಲಿಯೂ ಅಷ್ಟೇ ಇರುತ್ತದೆ. ಸಾವಿರಾರು ಪೀಳಿಗೆಗಳು ಕಳೆದರೂ ಈ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲ.

ತಪ್ಪಿದರೆ ಅದರ ಪರಿಣಾಮ ಬಹುಮಟ್ಟಿಗೆ ಗಂಭೀರವಾದುದು. ಮನುಷ್ಯನಲ್ಲಿ 21ನೆಯ ವರ್ಣತಂತು ಎರಡಿರುವ ಕಡೆ ಮೂರಾದಾಗ ಡೌನ್ ಸಿಂಡ್ರೋಮ್ ಎಂಬ ಸ್ಥಿತಿ ಉಂಟಾಗುತ್ತದೆಂದು 1959ರಲ್ಲಿ ಫ್ರಾನ್ಸಿನ ವೈದ್ಯವಿಜ್ಞಾನಿಗಳು ತೋರಿಸಿಕೊಟ್ಟರು. ಆ 21ನೆಯ ತಂತುವಾದರೋ ಮನುಷ್ಯನ ವರ್ಣತಂತುಗಳಲ್ಲೆಲ್ಲ ಅತಿ ಚಿಕ್ಕವುಗಳಲ್ಲಿ ಒಂದು. ಅಷ್ಟು ಚಿಕ್ಕ ತಂತುವೊಂದು ಹೆಚ್ಚಾದರೂ ದೇಹ ಮತ್ತು ಬುದ್ಧಿಗಳ ಬೆಳವಣಿಗೆಯ ಕ್ರಮವೇ ಬದಲಾಗುತ್ತದೆ.

ಇಂತಹ ಜೀವಲೋಕದಲ್ಲಿ, ಐದು ಹತ್ತು ತಂತುಗಳನ್ನು ಅಧಿಕವಾಗಿ ಹೊತ್ತುಕೊಂಡೂ ಬದುಕಿ ಸಂತಾನವನ್ನು ಪಡೆಯುವ ಸಸ್ಯಗಳೂ ಪ್ರಾಣಿಗಳೂ ಇವೆಯೆಂದರೆ ಆಶ್ಚರ್ಯವಾಗದಿರದು. ಈ ಅಧಿಕ ತಂತುಗಳು ಇದ್ದರೂ ಜೀವಿ ಬದುಕುತ್ತದೆ, ಇಲ್ಲದಿದ್ದರೂ ಬದುಕುತ್ತದೆ. ಅವುಗಳಿಂದ ಬಹುತೇಕ ಜೀವಿಗಳಿಗೆ ಯಾವ ಪ್ರಯೋಜನವೂ ಕಂಡುಬಂದಿಲ್ಲ. ಆದರೂ ಅವು ತಲೆಮಾರಿನಿಂದ ತಲೆಮಾರಿಗೆ ಸಾಗಿ ಬರುತ್ತವೆ. ದುಡಿಯದವನಿಗೆ ಮನೆಯಲ್ಲಿ ಪಾಲು ಹೇಗೆ ದೊರೆಯುತ್ತದೆ? ಈ ಪ್ರಶ್ನೆಯ ಬೆನ್ನುಹತ್ತಿದ ವಿಜ್ಞಾನಿಗಳಿಗೆ, ಪಾಲು ಹಂಚುವ ಕ್ರಮದ ವಿಷಯದಲ್ಲಿಯೇ ಹೊಸದೊಂದು ತಿಳಿವಳಿಕೆ ಲಭಿಸಿತು. ಅದರ ಕಥನವೇ ಈ ಲೇಖನದ ವಸ್ತು.

ವರ್ಣತಂತುಗಳು ಮತ್ತು ಅವುಗಳ ಹಂಚಿಕೆ

ಜೀವಕೋಶದ ನಡುವೆ ಇರುವ ಕೋಶಕೇಂದ್ರದಲ್ಲಿ ನೂಲಿನಂತಹ ಕಾಯಗಳಿವೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇವು ಬಣ್ಣವನ್ನು ಚೆನ್ನಾಗಿ ಹೀರಿಕೊಂಡು ಎದ್ದು ಕಾಣುತ್ತವೆ. ಆದುದರಿಂದಲೇ ಇವುಗಳಿಗೆ ವರ್ಣತಂತುಗಳೆಂಬ ಹೆಸರು ಬಂದಿತು. ಇವು ಡಿ.ಎನ್.ಎ. ಮತ್ತು ಪ್ರೋಟೀನುಗಳಿಂದಾದವು. ಜೀವಿಯ ಗುಣಲಕ್ಷಣಗಳನ್ನು ನಿರ್ಧರಿಸುವ ಜೀನುಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ಇವುಗಳ ಉದ್ದಕ್ಕೂ ಸಾಲಾಗಿವೆ.

ವರ್ಣತಂತುಗಳು ಜೋಡಿಜೋಡಿಯಾಗಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ತಂದೆಯಿಂದಲೂ ಇನ್ನೊಂದು ತಾಯಿಯಿಂದಲೂ ಬಂದುದು. ಅಂಡಾಣು ಮತ್ತು ವೀರ್ಯಾಣುಗಳು ರೂಪುಗೊಳ್ಳುವಾಗ ಮಿಯಾಸಿಸ್ ಎಂಬ ವಿಶೇಷ ವಿಭಜನೆ ನಡೆದು, ಪ್ರತಿ ಜೋಡಿಯಿಂದ ಒಂದೊಂದೇ ತಂತು ಒಂದೊಂದು ಲಿಂಗಾಣುವಿಗೆ ಸೇರುತ್ತದೆ. ಯಾವ ತಂತು ಯಾವ ಕಡೆಗೆ ಹೋಗಬೇಕೆಂಬುದು, ಆಸ್ತಿಯನ್ನು ಸಮಪಾಲು ಮಾಡಿ ಚೀಟಿ ಎತ್ತಿದಂತೆ, ಕೇವಲ ಅವಕಾಶಕ್ಕೆ ಬಿಟ್ಟ ವಿಷಯ. ಇಬ್ಬರಿಗೂ ಅರ್ಧರ್ಧ ಅವಕಾಶ. ಗ್ರೆಗೋರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಅನುವಂಶೀಯತೆಯ ನಿಯಮಗಳಿಗೆ ಈ ನ್ಯಾಯವಾದ ಚೀಟಿಯೇ ಆಧಾರ.

ಈ ಚೀಟಿ ಪ್ರಕೃತಿಯಲ್ಲಿ ತಾನಾಗಿಯೇ ನ್ಯಾಯವಾಗಿ ನಡೆಯುತ್ತದೆಯೇ ಅಥವಾ ಅದನ್ನು ನ್ಯಾಯವಾಗಿ ನಡೆಸುವ ಕಾವಲು ಜೀವಕೋಶದಲ್ಲಿ ಇದೆಯೇ ಎಂಬುದು ಬಹುಕಾಲ ಯಾರೂ ಹೆಚ್ಚಾಗಿ ವಿಚಾರಿಸದ ಪ್ರಶ್ನೆ. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಕಾವಲುಗಾರನು ಯಾರ ಕಣ್ಣಿಗೂ ಬೀಳುವುದಿಲ್ಲ. ಆತನ ಇರವು ತಿಳಿಯಬೇಕಾದರೆ ಕಳ್ಳನೊಬ್ಬ ಬರಬೇಕು. ಅಧಿಕ ವರ್ಣತಂತುಗಳು ಅಂತಹ ಕಳ್ಳನ ಪಾತ್ರವನ್ನು ವಹಿಸಿದವು.

ಅಧಿಕ ವರ್ಣತಂತುಗಳ ಶೋಧ

ಅಮೆರಿಕದ ಕೋಶವಿಜ್ಞಾನಿ ಎಡ್ಮಂಡ್ ಬೀಚರ್ ವಿಲ್ಸನ್ 1907ರಲ್ಲಿ, ಗಿಡಗಳ ರಸವನ್ನು ಹೀರಿ ಬದುಕುವ ತಿಗಣೆ ವರ್ಗದ ಕೀಟಗಳನ್ನು ಪರೀಕ್ಷಿಸುತ್ತಿದ್ದರು. ಮೆಟಪೋಡಿಯಸ್ ಎಂಬ ಕುಲದ ಕೀಟಗಳಲ್ಲಿ ಒಂದೇ ಜಾತಿಗೆ ಸೇರಿದ ಬೇರೆ ಬೇರೆ ಕೀಟಗಳ ವರ್ಣತಂತುಗಳ ಸಂಖ್ಯೆ ಬೇರೆ ಬೇರೆಯಾಗಿರುವುದು ಅವರ ಗಮನಕ್ಕೆ ಬಂದಿತು. ಕೆಲವು ಕೀಟಗಳಲ್ಲಿ ಮಾಮೂಲು ತಂತುಗಳ ಜೊತೆಗೆ ಒಂದೆರಡು ಚಿಕ್ಕ ತಂತುಗಳು ಹೆಚ್ಚಾಗಿದ್ದವು. ಇವನ್ನು ಅವರು ಲೆಕ್ಕಕ್ಕೆ ಮಿಕ್ಕ ವರ್ಣತಂತುಗಳೆಂದು ಕರೆದರು.

ಮುಂದೆ ಗೋವಿನಜೋಳದಲ್ಲಿಯೂ ಇಂತಹ ತಂತುಗಳು ಕಂಡುಬಂದವು. 1928ರಲ್ಲಿ ರ್‍ಯಾಂಡಾಲ್ಫ್ ಎಂಬ ವಿಜ್ಞಾನಿ, ಜೀವಿಗೆ ಅವಶ್ಯಕವಾದ ಮಾಮೂಲು ತಂತುಗಳಿಗೆ 'ಎ' ಎಂದೂ, ಇದ್ದರೂ ಇಲ್ಲದಿದ್ದರೂ ನಡೆಯುವ ಅಧಿಕ ತಂತುಗಳಿಗೆ 'ಬಿ' ಎಂದೂ ಹೆಸರಿಟ್ಟರು. ಅಂದಿನಿಂದ 'ಬಿ ವರ್ಣತಂತು' ಎಂಬ ಹೆಸರೇ ರೂಢಿಗೆ ಬಂದಿದೆ. ಈಗ ಸಸ್ಯ, ಪ್ರಾಣಿ ಹಾಗೂ ಶಿಲೀಂಧ್ರಗಳ ಎರಡು ಸಾವಿರಕ್ಕೂ ಮಿಕ್ಕ ಜಾತಿಗಳಲ್ಲಿ ಇವು ದಾಖಲಾಗಿವೆ. ಮಿಡತೆಗಳಲ್ಲಿ, ಹುಲ್ಲಿನ ಜಾತಿಗಳಲ್ಲಿ, ಮೀನುಗಳಲ್ಲಿ, ಕೆಲವು ಸಸ್ತನಿಗಳಲ್ಲಿಯೂ ಇವು ಉಂಟು.

ಬಿ ವರ್ಣತಂತುವಿಗೆ ಮೂರು ಲಕ್ಷಣಗಳನ್ನು ಹೇಳುವುದು ವಾಡಿಕೆ. ಮೊದಲನೆಯದಾಗಿ, ಅದು ಜೀವಿಯ ಬದುಕಿಗೆ ಅನಿವಾರ್ಯವಲ್ಲ. ಒಂದೇ ಜಾತಿಯ ಕೆಲವು ಜೀವಿಗಳಲ್ಲಿ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಎರಡನೆಯದಾಗಿ, ಮಿಯಾಸಿಸ್ ನಡೆಯುವಾಗ ಅದು ಎ ತಂತುಗಳೊಡನೆ ಜೋಡಿಯಾಗುವುದಿಲ್ಲ. ಮೂರನೆಯದಾಗಿ, ಅದರ ಹಂಚಿಕೆ ಮೆಂಡೆಲನ ನಿಯಮಕ್ಕೆ ಒಳಪಡುವುದಿಲ್ಲ. ಈ ಮೂರನೆಯ ಲಕ್ಷಣದಲ್ಲಿಯೇ ಅದರ ಉಳಿವಿನ ಗುಟ್ಟು ಅಡಗಿದೆ.

ದುಡಿಯದೆ ಉಳಿಯುವ ಬಗೆ

ಉಪಯೋಗವಿಲ್ಲದ ಬಿ ತಂತುಗಳು ಅಳಿಯದೆ ಉಳಿದಿರಬೇಕಾದರೆ ಅವು ಯಾವುದೋ ಒಂದು ಬಗೆಯಲ್ಲಿ ಜೀವಿಗೆ ನೆರವಾಗುತ್ತಿರಬೇಕೆಂದು ಮೊದಲಿಗೆ ಹಲವರು ಊಹಿಸಿದ್ದರು. 1945ರಲ್ಲಿ ಸ್ವೀಡನ್ನಿನ ಗುನ್ನಾರ್ ಓಸ್ಟರ್‌ಗ್ರೆನ್ ಇದಕ್ಕೆ ವಿರುದ್ಧವಾದ ವಾದವನ್ನು ಮಂಡಿಸಿದರು. ಅವರ ಪ್ರಕಾರ ಬಿ ತಂತು ಒಂದು ಪರೋಪಜೀವಿ. ಮರದ ಮೇಲೆ ಬಂದಳಿಕೆ ಬೆಳೆಯುವಂತೆ ಅದು ಜೀವಕೋಶವನ್ನು ಆಶ್ರಯಿಸಿ ಬೆಳೆಯುತ್ತದೆ. ಮರಕ್ಕೆ ಬಂದಳಿಕೆಯಿಂದ ಏನು ಪ್ರಯೋಜನವೆಂದು ಕೇಳುವುದು ವ್ಯರ್ಥ. ಬಂದಳಿಕೆ ತನ್ನನ್ನು ತಾನು ಹೇಗೆ ಹರಡಿಕೊಳ್ಳುತ್ತದೆಂದು ಕೇಳಬೇಕು.

ಗೋವಿನಜೋಳದ ಉದಾಹರಣೆಯಿಂದ ಈ ಮಾತು ಸ್ಪಷ್ಟವಾಗುತ್ತದೆ. ಈ ಸಸ್ಯದ ಪ್ರತಿ ಪರಾಗದ ಕಣದಲ್ಲಿ ಎರಡು ಗಂಡು ಲಿಂಗಾಣುಗಳು ಉಂಟಾಗುತ್ತವೆ. ಒಂದು ಲಿಂಗಾಣು ಅಂಡದೊಡನೆ ಕೂಡಿ ಭ್ರೂಣವಾಗುತ್ತದೆ; ಇನ್ನೊಂದು, ಭ್ರೂಣಕ್ಕೆ ಆಹಾರವಾಗುವ ಹಿಟ್ಟಿನ ಭಾಗವನ್ನು ನಿರ್ಮಿಸುತ್ತದೆ. ಹಿಟ್ಟಿನ ಭಾಗವನ್ನು ಸೇರಿದ ತಂತುವಿಗೆ ಮುಂದಿನ ಪೀಳಿಗೆಯಿಲ್ಲ. ಅಮೆರಿಕದ ಹರ್ಷೆಲ್ ರೋಮನ್ 1947 ಮತ್ತು 1948ರಲ್ಲಿ ತೋರಿಸಿದಂತೆ, ಈ ಲಿಂಗಾಣುಗಳು ಉಂಟಾಗುವ ವಿಭಜನೆಯಲ್ಲಿ ಬಿ ತಂತುವಿನ ಎರಡು ಪ್ರತಿಗಳೂ ಬೇರ್ಪಡದೆ ಒಂದೇ ಲಿಂಗಾಣುವಿಗೆ ಹೋಗುತ್ತವೆ. ಅಷ್ಟೇ ಅಲ್ಲದೆ, ಬಿ ತಂತುಗಳಿರುವ ಲಿಂಗಾಣುವೇ ಹೆಚ್ಚು ಬಾರಿ ಅಂಡವನ್ನು ಸೇರುತ್ತದೆ. ಒಂದು ಪಾಲಿನ ಬದಲು ಎರಡು ಪಾಲು, ಅದೂ ಫಲವತ್ತಾದ ಹೊಲದಲ್ಲಿ!

ಇದಕ್ಕಿಂತಲೂ ಉಗ್ರವಾದ ಉದಾಹರಣೆ ನಸೋನಿಯ ಎಂಬ ಪುಟ್ಟ ಕಣಜದಲ್ಲಿದೆ. ಈ ಕಣಜದಲ್ಲಿ ಫಲಿತವಾದ ಮೊಟ್ಟೆಯಿಂದ ಹೆಣ್ಣೂ, ಫಲಿತವಾಗದ ಮೊಟ್ಟೆಯಿಂದ ಗಂಡೂ ಹುಟ್ಟುತ್ತವೆ. ಕೆಲವು ಗಂಡುಗಳಲ್ಲಿ ಬಿ ತಂತುವೊಂದು ಇದೆ. ಅದನ್ನು ಹೊತ್ತ ವೀರ್ಯಾಣು ಮೊಟ್ಟೆಯನ್ನು ಸೇರಿದ ಕೂಡಲೇ ತಂದೆಯ ಎಲ್ಲ ಎ ತಂತುಗಳೂ ನಾಶವಾಗುತ್ತವೆ. ಬಿ ತಂತು ಮಾತ್ರ ಉಳಿಯುತ್ತದೆ. ಹೆಣ್ಣಾಗಬೇಕಾದ ಮೊಟ್ಟೆ ಹೀಗೆ ಗಂಡಾಗಿ, ಅದೇ ಬಿ ತಂತುವನ್ನು ಮುಂದಕ್ಕೆ ಒಯ್ಯುತ್ತದೆ. 1988ರಲ್ಲಿ ವಿವರವಾಗಿ ವರದಿಯಾದ ಈ ತಂತು, ತನಗೆ ಆಶ್ರಯ ಕೊಟ್ಟ ತಂದೆಯ ಸಮಸ್ತ ಆನುವಂಶಿಕ ಸಂಪತ್ತನ್ನು ಪ್ರತಿ ಪೀಳಿಗೆಯಲ್ಲಿಯೂ ನಾಶಮಾಡಿ ತಾನೊಂದೇ ಪಾರಾಗುತ್ತದೆ. ಈ ನಾಶಕ್ಕೆ ಕಾರಣವಾದ ಜೀನು ಬಿ ತಂತುವಿನ ಮೇಲೆಯೇ ಇದೆಯೆಂಬುದು 2020ರಲ್ಲಿ ತಿಳಿಯಿತು.

ಹಣ್ಣಿನ ನೊಣ ಮತ್ತು ಮೈಸೂರಿನ ಅಧ್ಯಯನ

ಅನುವಂಶೀಯತೆಯ ಅಧ್ಯಯನಕ್ಕೆ ಹಣ್ಣಿನ ನೊಣದಷ್ಟು ನೆರವಾದ ಪ್ರಾಣಿ ಮತ್ತೊಂದಿಲ್ಲ. ಡ್ರಾಸೊಫಿಲ ಮೆಲನೊಗ್ಯಾಸ್ಟರ್ ಎಂಬುದು ಇದರ ಶಾಸ್ತ್ರೀಯ ನಾಮಧೇಯ. ಎರಡು ಮೂರು ಮಿಲಿಮೀಟರ್ ಉದ್ದದ ಈ ನೊಣವನ್ನು ಹಾಲಿನ ಸೀಸೆಯಲ್ಲಿಯೂ ಸಾಕಬಹುದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆಯಿಂದ ಪ್ರೌಢ ನೊಣವಾಗಲು ಸುಮಾರು ಹತ್ತು ದಿನ ಸಾಕು. 1910ರಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರು ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನ ಗಂಡು ನೊಣವೊಂದನ್ನು ಕಂಡು, ಜೀನುಗಳು ವರ್ಣತಂತುಗಳ ಮೇಲಿವೆಯೆಂಬುದನ್ನು ಸ್ಥಾಪಿಸಲು ತೊಡಗಿದರು. ಆ ಕಾರ್ಯಕ್ಕಾಗಿ 1933ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅನಂತರ ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ಈ ನೊಣವನ್ನು ಪರೀಕ್ಷಿಸಿದವರಿಗೆ ಲೆಕ್ಕವಿಲ್ಲ. ಆದರೂ ಒಂದು ಶತಮಾನದ ಕಾಲ ಮೆಲನೊಗ್ಯಾಸ್ಟರ್‌ನಲ್ಲಿ ಬಿ ತಂತು ಯಾರಿಗೂ ಕಾಣಲಿಲ್ಲ.

ಇದೇ ಕುಲದ ಬೇರೆ ಜಾತಿಗಳಲ್ಲಿ ಬಿ ತಂತುಗಳು ಅದಕ್ಕೂ ಮೊದಲೇ ಕಂಡುಬಂದಿದ್ದವು. ಈ ವಿಷಯದಲ್ಲಿ ಕರ್ನಾಟಕಕ್ಕೆ ಸಲ್ಲಬೇಕಾದ ಗೌರವವೂ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಡ್ರಾಸೊಫಿಲ ನೊಣಗಳ ಅಧ್ಯಯನ ಬಹುಕಾಲದಿಂದ ನಡೆದುಬಂದಿದೆ. ಅಲ್ಲಿಯ ವಿಜ್ಞಾನಿಗಳು ಆರಿಸಿಕೊಂಡ ಪ್ರಮುಖ ವಸ್ತುಗಳಲ್ಲಿ ನಸೂಟ ಎಂಬ ಜಾತಿಯೂ ಒಂದು. ಇದರಲ್ಲಿ ಎರಡು ಬುಡಕಟ್ಟುಗಳಿವೆ. ಭಾರತದಲ್ಲಿ ಕಾಣಸಿಗುವ ನಸೂಟ ನಸೂಟದಲ್ಲಿ 8 ವರ್ಣತಂತುಗಳು. ಆಗ್ನೇಯ ಏಷ್ಯಾದ ಕಡೆ ಇರುವ ನಸೂಟ ಆಲ್ಬೊಮಿಕಾನದಲ್ಲಿ 6. ಎರಡನೆಯ ಬುಡಕಟ್ಟಿನಲ್ಲಿ, ಲಿಂಗವನ್ನು ನಿರ್ಧರಿಸುವ ತಂತುಗಳೊಡನೆ ಮತ್ತೊಂದು ಜೋಡಿ ಬೆಸೆದುಕೊಂಡಿರುವುದೇ ಈ ವ್ಯತ್ಯಾಸಕ್ಕೆ ಕಾರಣ. ಸಂಖ್ಯೆ ಬೇರೆಯಾದರೂ ಇವೆರಡರ ಸಂಕರದಿಂದ ಹುಟ್ಟಿದ ನೊಣಗಳು ಬಂಜೆಯಾಗದೆ ಸಂತಾನವನ್ನು ಪಡೆಯುತ್ತವೆ. ಆ ಸಂಕರಗಳನ್ನು ಮೈಸೂರಿನಲ್ಲಿ ಅನೇಕ ಪೀಳಿಗೆಗಳವರೆಗೆ ಸಾಕಿ, ವರ್ಣತಂತುಗಳ ಹೊಸ ಹೊಂದಾಣಿಕೆಯುಳ್ಳ ತಳಿಗಳು ರೂಪುಗೊಳ್ಳುವುದನ್ನು ಅಭ್ಯಸಿಸಲಾಯಿತು.

ಈ ಅಧ್ಯಯನದ ಅವಧಿಯಲ್ಲಿಯೇ ಎನ್. ಬಿ. ರಾಮಚಂದ್ರ ಮತ್ತು ಎಚ್. ಎ. ರಂಗನಾಥ್ ಅವರು ಆಲ್ಬೊಮಿಕಾನ ಬುಡಕಟ್ಟಿನಲ್ಲಿ ಅಧಿಕ ವರ್ಣತಂತುಗಳಿರುವುದನ್ನು 1985ರಲ್ಲಿ ವರದಿ ಮಾಡಿದರು. 1987ರಲ್ಲಿ ಅವುಗಳ ವಸ್ತುವಿನ ಸ್ವರೂಪವನ್ನು ಕುರಿತ ಅವರ ಇನ್ನೊಂದು ಲೇಖನವೂ ಪ್ರಕಟವಾಯಿತು. ಬಿ ತಂತುಗಳು ಬಹುಮಟ್ಟಿಗೆ ಹೆಟೆರೊಕ್ರೊಮ್ಯಾಟಿನ್ ಎಂಬ, ದಟ್ಟವಾಗಿ ಮಡಚಿಕೊಂಡ ವಸ್ತುವಿನಿಂದ ಆದವು. ಈ ವಸ್ತುವಿನಲ್ಲಿ ಕೆಲಸ ಮಾಡುವ ಜೀನುಗಳು ಬಹಳ ವಿರಳ. ಒಂದೇ ಬರವಣಿಗೆಯನ್ನು ಸಾವಿರಾರು ಬಾರಿ ನಕಲು ಮಾಡಿದಂತೆ, ಡಿ.ಎನ್.ಎ.ಯ ಚಿಕ್ಕ ಚಿಕ್ಕ ತುಣುಕುಗಳು ಅದರಲ್ಲಿ ಮತ್ತೆ ಮತ್ತೆ ಬರುತ್ತವೆ.

ಸೀಸೆಯಲ್ಲಿ ಕಂಡ ಅತಿಥಿಗಳು

ಮೆಲನೊಗ್ಯಾಸ್ಟರ್‌ನಲ್ಲಿ ಬಿ ತಂತುಗಳಿರುವ ಸಂಗತಿ ಹೊರಬಂದುದು 2014ರಲ್ಲಿ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿರುವ ಸ್ಟೋವರ್ಸ್ ಸಂಶೋಧನ ಸಂಸ್ಥೆಯಲ್ಲಿ ಸ್ಕಾಟ್ ಹಾಲಿ ಅವರ ತಂಡ ಅಂಡಾಣುಗಳ ವಿಭಜನೆಯನ್ನು ಅಭ್ಯಸಿಸುತ್ತಿತ್ತು. ಆ ಪ್ರಯೋಗಾಲಯದ ಒಂದು ತಳಿಯ ನೊಣಗಳಲ್ಲಿ ಎಂಟು ಮಾಮೂಲು ತಂತುಗಳ ಜೊತೆಗೆ ಹಲವು ಚುಕ್ಕೆಯಂತಹ ತಂತುಗಳು ಗೋಚರಿಸಿದವು. ನೊಣವೊಂದಕ್ಕೆ ಸರಾಸರಿ ಹತ್ತರಂತೆ! ಇರಬೇಕಾದ ಎಂಟಕ್ಕಿಂತ ಇರಬೇಕಾಗಿಲ್ಲದವುಗಳ ಸಂಖ್ಯೆಯೇ ಹೆಚ್ಚು. ಇನ್ನೂ ವಿಶೇಷವೆಂದರೆ ಇವು ಪ್ರಾಚೀನ ಕಾಲದಿಂದ ಬಂದವುಗಳಲ್ಲ. ಅದಕ್ಕೆ ಹಿಂದಿನ ಹತ್ತು ವರ್ಷಗಳ ಒಳಗೆ ಅದೇ ತಳಿಯಲ್ಲಿ ಹುಟ್ಟಿಕೊಂಡವು. ಹೊಸ ವರ್ಣತಂತುವೊಂದರ ಜನನವನ್ನು ಇಷ್ಟು ಸಮೀಪದಿಂದ ಪರೀಕ್ಷಿಸುವ ಅವಕಾಶ ದೊರೆಯುವುದು ಅಪೂರ್ವ.

ಈ ತಂತುಗಳು ಗಂಡು ಹೆಣ್ಣುಗಳೆರಡರ ಮೂಲಕವೂ ಮುಂದಿನ ಪೀಳಿಗೆಗೆ ಸಾಗುತ್ತವೆ. ನೊಣಗಳು ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಇರುತ್ತವೆ. ಆದರೆ ಅವು ಸಂಪೂರ್ಣವಾಗಿ ನಿರಪಾಯಕಾರಿಗಳಲ್ಲ. ಹೆಣ್ಣು ನೊಣದ ಅಂಡಾಣುವಿನಲ್ಲಿ ನಾಲ್ಕನೆಯ ವರ್ಣತಂತುವಿನ ಜೋಡಿ ಸರಿಯಾಗಿ ಬೇರ್ಪಡದಂತೆ ಇವು ಮಾಡುತ್ತವೆ. ಹಾಗಾದಾಗ ಕೆಲವು ಅಂಡಾಣುಗಳಿಗೆ ನಾಲ್ಕನೆಯ ತಂತು ಎರಡು ದೊರೆತರೆ, ಮತ್ತೆ ಕೆಲವಕ್ಕೆ ಒಂದೂ ದೊರೆಯುವುದಿಲ್ಲ.

ಇವುಗಳ ಇನ್ನೊಂದು ಪರಿಣಾಮ ಪರೋಕ್ಷವಾದುದು. ಹೆಟೆರೊಕ್ರೊಮ್ಯಾಟಿನ್ನಿನ ಪಕ್ಕಕ್ಕೆ ಬಂದ ಜೀನು ಕೆಲವು ಕೋಶಗಳಲ್ಲಿ ಕೆಲಸ ಮಾಡಿ, ಕೆಲವು ಕೋಶಗಳಲ್ಲಿ ಸುಮ್ಮನಾಗುವುದುಂಟು. ಆಗ ನೊಣದ ಕಣ್ಣು ಕೆಂಪು ಬಿಳಿ ಮಚ್ಚೆಗಳಿಂದ ಕೂಡಿರುತ್ತದೆ. ಬಿ ತಂತುಗಳಿದ್ದಾಗ ಇಂತಹ ಜೀನುಗಳ ವರ್ತನೆ ಬದಲಾಯಿತು. ಒಂದು ಪ್ರಯೋಗದಲ್ಲಿ ಜೀನಿನ ಮೌನ ಹೆಚ್ಚಿತು, ಇನ್ನೊಂದರಲ್ಲಿ ಕಡಿಮೆಯಾಯಿತು. ಸ್ವತಃ ಜೀನುಗಳಿಲ್ಲದ ತಂತುವೂ ಇತರ ತಂತುಗಳ ಮೇಲಿನ ಜೀನುಗಳ ವ್ಯವಹಾರದಲ್ಲಿ ಕೈಹಾಕಬಲ್ಲದೆಂಬುದು ಇದರಿಂದ ತಿಳಿಯಿತು.

ಬಿ ತಂತುಗಳ ಮೂಲ

ಈ ಹೊಸ ಅತಿಥಿಗಳು ಎಲ್ಲಿಂದ ಬಂದವು? 2018ರಲ್ಲಿ ಸ್ಟೇಸಿ ಹ್ಯಾನ್ಲನ್ ಮತ್ತು ಅವರ ಸಹೋದ್ಯೋಗಿಗಳು ಈ ಪ್ರಶ್ನೆಗೆ ಉತ್ತರ ನೀಡಿದರು. ಡಿ.ಎನ್.ಎ.ಯ ದೊಡ್ಡ ತುಂಡುಗಳನ್ನು ವಿದ್ಯುತ್ತಿನ ನೆರವಿನಿಂದ ಅವುಗಳ ಗಾತ್ರಕ್ಕನುಗುಣವಾಗಿ ಬೇರ್ಪಡಿಸುವ ವಿಧಾನದಿಂದ ಅವರು ಬಿ ತಂತುಗಳನ್ನು ಪ್ರತ್ಯೇಕಿಸಿದರು. ಅನಂತರ ಅವುಗಳ ಡಿ.ಎನ್.ಎ.ಯನ್ನು ಅಕ್ಷರ ಅಕ್ಷರವಾಗಿ ಓದಿದರು. ಪರಿಚಿತವಾದ ಯಾವ ಜೀನೂ ಅದರಲ್ಲಿ ದೊರೆಯಲಿಲ್ಲ. ಡಿ.ಎನ್.ಎ.ಯ ನಾಲ್ಕು ಅಕ್ಷರಗಳಲ್ಲಿ ಎ-ಎ-ಜಿ-ಎ-ಟಿ ಎಂಬ ಐದಕ್ಷರದ ಗುಚ್ಛ ಮಾತ್ರ ಮತ್ತೆ ಮತ್ತೆ, ಉದ್ದುದ್ದವಾದ ಸಾಲುಗಳಲ್ಲಿ ಕಂಡುಬಂದಿತು.

ಈ ಗುಚ್ಛ ಬೇರೆ ಎಲ್ಲಿದೆಯೆಂದು ಹೊಳೆಯುವ ಗುರುತನ್ನು ಅಂಟಿಸಿ ಹುಡುಕಿದಾಗ, ಅದು ನಾಲ್ಕನೆಯ ವರ್ಣತಂತುವಿನ ಮೇಲೆ ಮಿನುಗಿತು. ಹಣ್ಣಿನ ನೊಣದ ನಾಲ್ಕನೆಯ ತಂತು ಅತ್ಯಂತ ಚಿಕ್ಕದು. ಸೂಕ್ಷ್ಮದರ್ಶಕದಲ್ಲಿ ಒಂದು ಚುಕ್ಕೆಯಂತೆ ಕಾಣುವಂತಹುದು. ಬಿ ತಂತು ಈ ಚುಕ್ಕೆಯ ಒಂದು ತುಣುಕು ಎಂಬುದು ಸ್ಪಷ್ಟವಾಯಿತು. ವರ್ಣತಂತುವಿನಲ್ಲಿ ಸೆಂಟ್ರೊಮಿಯರ್ ಎಂಬ ಒಂದು ಗಂಟಿನಂತಹ ಸ್ಥಳವಿದೆ. ವಿಭಜನೆಯ ಕಾಲದಲ್ಲಿ ಕದಿರಿನ ಎಳೆಗಳು ಆ ಗಂಟನ್ನು ಹಿಡಿದೇ ತಂತುವನ್ನು ಎಳೆಯುವುದು. ಆ ಗಂಟು ಉದ್ದಕ್ಕೆ ಸೀಳುವ ಬದಲು ಅಡ್ಡಕ್ಕೆ ಸೀಳಿದರೆ, ತಂತುವಿನ ಒಂದೇ ತೋಳಿನ ಎರಡು ಪ್ರತಿಗಳು ಕನ್ನಡಿಯ ಬಿಂಬ ಪ್ರತಿಬಿಂಬಗಳಂತೆ ಗಂಟಿನ ಎರಡು ಬದಿಗೂ ನಿಲ್ಲುತ್ತವೆ. ಮೆಲನೊಗ್ಯಾಸ್ಟರ್‌ನ ಬಿ ತಂತು ಇಂತಹ ಇಬ್ಬದಿಯ ತಂತುವೆಂಬ ಅಭಿಪ್ರಾಯಕ್ಕೆ ಗುರುತುಗಳ ಹೊಳಪಿನ ಅಳತೆಗಳು ಬೆಂಬಲವಿತ್ತವು.

ಅದೇ ಅಧ್ಯಯನದಲ್ಲಿ ಇನ್ನೂ ಒಂದು ಸಂಗತಿ ತಿಳಿದುಬಂದಿತು. ಸಮೀಪದ ಇನ್ನೊಂದು ತಳಿಯಲ್ಲಿ ಸ್ವಲ್ಪ ಚಿಕ್ಕದಾದ ಮತ್ತೊಂದು ಬಿ ತಂತು ದೊರೆಯಿತು. ಆದರೆ ಇದೇ ಬಗೆಯ ಬೇರೆ ಕೆಲವು ತಳಿಗಳಲ್ಲಿ ಬಿ ತಂತು ಇರಲಿಲ್ಲ. ಅವುಗಳಲ್ಲಿ ಆ ಐದಕ್ಷರದ ಗುಚ್ಛವೂ ಇರಲಿಲ್ಲ. ಹೀಗೆ, ಅನಾವಶ್ಯಕವೆಂದು ಕರೆಯಲಾದ ತಂತು ಹೊರಗಿನಿಂದ ಬಂದ ಅಪರಿಚಿತವಲ್ಲ. ಅವಶ್ಯಕ ತಂತುವೊಂದರಿಂದಲೇ ಸಿಡಿದ, ಅದರ ಕರ್ತವ್ಯಗಳನ್ನೆಲ್ಲ ಬಿಟ್ಟು, ಹಂಚಿಕೆಯಲ್ಲಿ ಪಾಲು ಪಡೆಯುವ ಗಂಟೊಂದನ್ನು ಮಾತ್ರ ಉಳಿಸಿಕೊಂಡ ಚೂರು ಅದು.

ಅಂಡಾಣುವಿನ ಕಾವಲು

ಮುಖ್ಯವಾದ ಪ್ರಶ್ನೆ ಇನ್ನೂ ಉಳಿದಿತ್ತು. ಅದೊಂದೇ ತಳಿಯಲ್ಲಿ ಬಿ ತಂತುಗಳು ಹತ್ತರವರೆಗೆ ಹೇಗೆ ಹೆಚ್ಚಿದವು? ಮಾಮೂಲು ನೊಣಗಳಿಗೆ ಇವನ್ನು ಸೇರಿಸಿದಾಗ ಇವು ಕೆಲವು ಪೀಳಿಗೆ ಉಳಿಯುತ್ತವೆಯೇ ಹೊರತು ತಮ್ಮ ಪಾಲಿಗಿಂತ ಹೆಚ್ಚನ್ನು ಕಸಿದುಕೊಳ್ಳುವುದಿಲ್ಲ. ಎಂದಮೇಲೆ ಬಿ ತಂತುಗಳಿಗೆ ದಾರಿ ಮಾಡಿಕೊಟ್ಟ ವಿಶೇಷವೇನೋ ಆ ತಳಿಯಲ್ಲಿಯೇ ಇರಬೇಕು.

ಇದನ್ನು ಗ್ರಹಿಸಲು ಅಂಡಾಣುವಿನ ವಿಭಜನೆಯ ಒಂದು ವೈಶಿಷ್ಟ್ಯವನ್ನು ನೆನಪಿಡಬೇಕು. ಗಂಡಿನಲ್ಲಿ ಮಿಯಾಸಿಸ್ ನಡೆದಾಗ ದೊರೆಯುವ ನಾಲ್ಕು ಕೋಶಗಳೂ ವೀರ್ಯಾಣುಗಳಾಗುತ್ತವೆ. ಹೆಣ್ಣಿನಲ್ಲಿ ಹಾಗಲ್ಲ. ನಾಲ್ಕು ಕೋಶಕೇಂದ್ರಗಳಲ್ಲಿ ಒಂದಕ್ಕೆ ಮಾತ್ರ ಭವಿಷ್ಯವುಂಟು. ಉಳಿದ ಮೂರು ಅಳಿದುಹೋಗುತ್ತವೆ. ಆದುದರಿಂದ ಯಾವುದಾದರೂ ತಂತು ಆ ಒಂದು ಕಡೆಗೆ ವಾಲುವ ಉಪಾಯವನ್ನು ಕಂಡುಕೊಂಡರೆ, ಅದು ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಸೇರಬಲ್ಲದು. ಚೀಟಿಯಲ್ಲಿ ಮೋಸ ಮಾಡಲು ಹೆಣ್ಣಿನ ಅಂಡಾಣುವಿನಲ್ಲಿ ಹೀಗೆ ಸಹಜವಾದ ಎಡೆಯೊಂದಿದೆ.

ಬಿ ತಂತುಗಳು ಕಂಡುಬಂದ ತಳಿಯಲ್ಲಿ ಮ್ಯಾಟ್ರಿಮನಿ ಎಂಬ ಜೀನು ಕೆಟ್ಟಿತ್ತು. ಮ್ಯಾಟ್ರಿಮನಿ ಎಂದರೆ ವಿವಾಹ. ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಇಲ್ಲದಿದ್ದರೂ ಕೆಲವು ವರ್ಣತಂತುಗಳ ಜೋಡಿಗಳ ಹಂಚಿಕೆ ಕೆಡುವುದನ್ನು 2003ರಲ್ಲಿ ಗುರುತಿಸಿದವರು ಅದಕ್ಕೆ ಈ ಹೆಸರನ್ನಿಟ್ಟರು. ಈ ಜೀನು ತಯಾರಿಸುವ ಪ್ರೋಟೀನು ಅಂಡಾಣುವಿನಲ್ಲಿ ಪೋಲೋ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿತದಲ್ಲಿಡುತ್ತದೆಂಬುದು 2007ರಲ್ಲಿ ತಿಳಿಯಿತು. ಪೋಲೋ ವಿಭಜನೆಯನ್ನು ಮುಂದಕ್ಕೆ ತಳ್ಳುವ ಪ್ರೋಟೀನು. ಮ್ಯಾಟ್ರಿಮನಿ ಸಕಾಲ ಬರುವವರೆಗೆ ಅದನ್ನು ತಡೆದಿಡುವ ಕಡಿವಾಣ.

ಅದೇ ತಳಿಯಲ್ಲಿ ಟಿ.ಎಂ. 3 ಎಂಬ ಇನ್ನೊಂದು ವಿಶೇಷ ತಂತುವೂ ಇತ್ತು. ಇದು ಮೂರನೆಯ ವರ್ಣತಂತುವಿನ ಒಂದು ಮಾರ್ಪಟ್ಟ ರೂಪ. ಅದರ ಭಾಗಗಳು ಹಲವೆಡೆ ತಲೆಕೆಳಗಾಗಿ ಸೇರಿಕೊಂಡಿರುವುದರಿಂದ ಅದು ತನ್ನ ಜೊತೆಯ ತಂತುವಿನೊಡನೆ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳಲಾರದು. ಕೆಟ್ಟ ಜೀನೊಂದನ್ನು ಕೈಜಾರದಂತೆ ಪೀಳಿಗೆಯಿಂದ ಪೀಳಿಗೆಗೆ ಕಾಪಾಡಿಕೊಳ್ಳಲು ಪ್ರಯೋಗಾಲಯಗಳಲ್ಲಿ ಇಂತಹ ತಂತುಗಳನ್ನು ಬಳಸುವುದು ರೂಢಿ.

2023ರಲ್ಲಿ ಹ್ಯಾನ್ಲನ್ ಮತ್ತು ಹಾಲಿ ಪ್ರಕಟಿಸಿದ ಪ್ರಯೋಗಗಳು ಈ ಗಂಟನ್ನು ಬಿಡಿಸಿದವು. ಅವರು ಕೆಟ್ಟ ಮ್ಯಾಟ್ರಿಮನಿ ಜೀನನ್ನು ಬೇರೆಯಾಗಿಯೂ, ಟಿ.ಎಂ. 3 ತಂತುವನ್ನು ಬೇರೆಯಾಗಿಯೂ, ಎರಡನ್ನೂ ಒಟ್ಟಿಗೆ ಸೇರಿಸಿಯೂ ಬಿ ತಂತುಗಳ ಸಾಗಣೆಯನ್ನು ಅಳೆದರು. ಎರಡೂ ಒಂದೇ ಹೆಣ್ಣು ನೊಣದಲ್ಲಿ ಕೂಡಿದಾಗ ಮಾತ್ರ ಬಿ ತಂತುಗಳು ಬಲವಾಗಿ, ತಮ್ಮ ನ್ಯಾಯವಾದ ಪಾಲಿಗಿಂತ ಹೆಚ್ಚಾಗಿ ಸಂತಾನವನ್ನು ಸೇರಿದವು. ಒಂದೊಂದೇ ಇದ್ದಾಗ ಅದು ಸಾಧ್ಯವಾಗಲಿಲ್ಲ. ಗಂಡು ನೊಣಗಳಲ್ಲಿ ಈ ಪಕ್ಷಪಾತ ಕಂಡುಬರಲಿಲ್ಲ. ಪಕ್ಷಪಾತ ತೀವ್ರವಾಗಿದ್ದ ಅಂಡಾಣುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಬಿ ತಂತುಗಳು ಇರಬೇಕಾದ ಕ್ರಮದಲ್ಲಿರದೆ ಅಸ್ತವ್ಯಸ್ತವಾಗಿದ್ದವು.

ಈ ಫಲಿತಾಂಶದ ಅರ್ಥ ಗಮನಾರ್ಹವಾದುದು. ಗೋವಿನಜೋಳದ ಬಿ ತಂತುವಿನಂತೆ ಈ ತಂತುಗಳಲ್ಲಿ ಮೋಸದ ಸಾಮರ್ಥ್ಯ ಪ್ರತ್ಯೇಕವಾಗಿ ಬೆಳೆದಿರಲಿಲ್ಲ. ಅವು ಬರಿಯ ಅವಕಾಶವಾದಿಗಳು. ಆರೋಗ್ಯವಾದ ಅಂಡಾಣುವಿನಲ್ಲಿ ಅವುಗಳಿಗೆ ಅವಕಾಶ ದೊರೆಯದಂತೆ ನೋಡಿಕೊಳ್ಳುವ ವ್ಯವಸ್ಥೆಯೊಂದಿದೆ. ಮ್ಯಾಟ್ರಿಮನಿಯಂತಹ ಪ್ರೋಟೀನುಗಳು ಆ ವ್ಯವಸ್ಥೆಯ ಅಂಗಗಳಾಗಿರಬಹುದು ಎಂಬುದು ಈ ವಿಜ್ಞಾನಿಗಳ ಪ್ರತಿಪಾದನೆ. ವರ್ಣತಂತುಗಳನ್ನು ಸರಿಯಾಗಿ ಬೇರ್ಪಡಿಸುವುದು ಮಾತ್ರವೇ ಈ ಪ್ರೋಟೀನುಗಳ ಕೆಲಸವೆಂದು ಈವರೆಗೆ ತಿಳಿಯಲಾಗಿತ್ತು. ಯಾವ ತಂತುವೂ ತನ್ನ ಪಾಲಿಗಿಂತ ಹೆಚ್ಚನ್ನು ಪಡೆಯದಂತೆ ಕಾಯುವುದೂ ಅವುಗಳ ಕರ್ತವ್ಯವಾಗಿರಬಹುದೆಂಬುದು ಹೊಸ ಚಿಂತನೆ.

ಉಪಸಂಹಾರ

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ವಿಲ್ಸನ್ ಅವರು ಲೆಕ್ಕಕ್ಕೆ ಮಿಕ್ಕವೆಂದು ಪಕ್ಕಕ್ಕಿಟ್ಟು ಎಣಿಸಿದ ತಂತುಗಳು, ಲೆಕ್ಕವನ್ನು ಕಾಯುವವರು ಯಾರೆಂಬುದನ್ನು ತೋರಿಸಿಕೊಡುವ ಸಾಧನಗಳಾದವು. ಅವಶ್ಯಕವಾದ ವರ್ಣತಂತುಗಳಿಂದ ಈ ಪಾಠ ದೊರೆಯುವುದು ಕಷ್ಟ. ಅವುಗಳ ಹಂಚಿಕೆ ತಪ್ಪಿದರೆ ಮರಿಯೇ ಹುಟ್ಟದೆ ಹೋಗಬಹುದು. ತಪ್ಪಿನ ಸಾಕ್ಷಿಯೂ ಅದರೊಡನೆ ಅಳಿಯುತ್ತದೆ. ಬಿ ತಂತು ಒಂದು ಹೆಚ್ಚಾದರೂ ಕಡಿಮೆಯಾದರೂ ನೊಣ ಬದುಕುತ್ತದೆ. ಆದುದರಿಂದ ಹಂಚಿಕೆಯ ಪ್ರತಿಯೊಂದು ಏರುಪೇರನ್ನೂ ಜೀವಂತ ಮರಿಗಳಲ್ಲಿ ಎಣಿಸಿ ನೋಡಬಹುದು. ಅನಾವಶ್ಯಕವಾಗಿರುವುದೇ ಇಲ್ಲಿ ಅದರ ಉಪಯೋಗ.

ಮನುಷ್ಯನ ಅಂಡಾಣುವಿನಲ್ಲಿ ನಡೆಯುವ ಹಂಚಿಕೆಯ ತಪ್ಪುಗಳು ಅನೇಕ ಗರ್ಭಪಾತಗಳಿಗೂ ಡೌನ್ ಸಿಂಡ್ರೋಮಿಗೂ ಕಾರಣವಾಗಿವೆ. ನೊಣದ ಅಧ್ಯಯನ ನೇರವಾಗಿ ಅವಕ್ಕೆ ಔಷಧವಾಗುವುದಿಲ್ಲ. ಆದರೆ ಪೋಲೋ ಪ್ರೋಟೀನಿನ ಸಂಬಂಧಿಗಳು ಮನುಷ್ಯನ ಜೀವಕೋಶಗಳಲ್ಲಿಯೂ ಇದ್ದು, ವಿಭಜನೆಯ ಕಾರ್ಯವನ್ನೇ ನಡೆಸುತ್ತಿವೆ. ಒಂದು ಜೀವಿಯಲ್ಲಿ ಕಾವಲಿನ ಕ್ರಮ ತಿಳಿದರೆ ಇನ್ನೊಂದರಲ್ಲಿ ಎಲ್ಲಿ ಹುಡುಕಬೇಕೆಂಬುದಾದರೂ ತಿಳಿದೀತು.

ಈ ವೃತ್ತಾಂತದಿಂದ ವಿದ್ಯಾರ್ಥಿಗಳು ಗ್ರಹಿಸಬೇಕಾದ ಸಂಗತಿಗಳು ಎರಡು. ತಂದೆತಾಯಿಗಳಿಂದ ಸಮಪಾಲು ದೊರೆಯುತ್ತದೆಂಬ ಮೆಂಡೆಲನ ನಿಯಮವನ್ನು ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಓದಿ ಮುಗಿಸಬಹುದು. ಆದರೆ ಜೀವಕೋಶದಲ್ಲಿ ಅದು ಪ್ರತಿ ಅಂಡಾಣುವಿನಲ್ಲಿಯೂ ಹೊಸದಾಗಿ ಸಾಧಿತವಾಗಬೇಕಾದ ಕಾರ್ಯ. ಕಾಯುವವರು ಇದ್ದಾಗಲಷ್ಟೇ ನ್ಯಾಯ ಉಳಿಯುತ್ತದೆ. ಎರಡನೆಯದು, ಶತಮಾನದ ಕಾಲ ಸಾವಿರಾರು ಕಣ್ಣುಗಳು ಪರೀಕ್ಷಿಸಿದ ನೊಣದಲ್ಲಿಯೂ ಹೊಸದೊಂದು ವಸ್ತು ಕಾಣಲು ಸಾಧ್ಯವಾಯಿತು. ಸೂಕ್ಷ್ಮದರ್ಶಕದ ಕೆಳಗೆ ಎಂಟು ತಂತುಗಳನ್ನು ನಿರೀಕ್ಷಿಸಿ ಕುಳಿತವರು ಹದಿನೆಂಟನ್ನು ಕಂಡಾಗ, ತಪ್ಪು ಎಣಿಕೆಯೆಂದು ಅದನ್ನು ತಳ್ಳಿಹಾಕದೆ ಮತ್ತೊಮ್ಮೆ ಎಣಿಸಿದರು. ವಿಜ್ಞಾನದ ಮುನ್ನಡೆಗೆ ಆ ಎರಡನೆಯ ಎಣಿಕೆಯೇ ಆಧಾರ.